ಬಾಣಲೆಯಲ್ಲಿ ಉಳಿದ ಪಾಲು

"ಢಂ..!"

ತೂರಿಯಾ ಉದ್ಯಾನದ ಸೈಕಲ್ ದಾರಿಯಲ್ಲಿ ಎದ್ದ ಆ ಸದ್ದಿಗೆ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು.

ರೊಸೆರ್‌ಳ ಸೈಕಲ್ಲು ಹೋಗಿ ಗುದ್ದಿದ್ದು ಮರಕ್ಕಲ್ಲ, ಮನುಷ್ಯನಿಗೂ ಅಲ್ಲ. ಒಂದು ಬಾಣಲೆಗೆ! ಎರಡು ಹಿಡಿಗಳ, ಗಾಡಿಯ ಚಕ್ರದಷ್ಟು ಅಗಲದ, ಪಾಯೆಯಾ ಎಂಬ ಮಾಂಸದನ್ನ ಬೇಯಿಸುವ ಬಾಣಲೆ. ಅದನ್ನು ಯಾವನೋ ಪುಣ್ಯಾತ್ಮ ಸೈಕಲ್ಲಿನ ಹಿಂದೆ ಹಗ್ಗದಲ್ಲಿ ಕಟ್ಟಿಕೊಂಡು, ದಾರಿಯೆಲ್ಲ ತನ್ನ ಅಪ್ಪನದು ಎಂಬಂತೆ ಹೊರಟಿದ್ದ.

"ಏನ್ರೀ, ಕಣ್ಣು ಕಾಣಲ್ವಾ?" ಬಿದ್ದಲ್ಲಿಂದಲೇ ರೊಸೆರ್ ರೇಗಿದಳು.

"ನನ್ನ ಕಣ್ಣು ಮುಂದಿದೆ. ನೀವು ಗುದ್ದಿದ್ದು ಹಿಂದೆ."

ಅಷ್ಟು ಹೇಳಿ ಅವನು ಬಗ್ಗಿ ಬಾಣಲೆಯನ್ನು ಸವರಿ ನೋಡತೊಡಗಿದ. ರೊಸೆರ್‌ಳ ಮೈಯೆಲ್ಲ ಉರಿದುಹೋಯಿತು.

"ಬಿದ್ದಿರೋಳು ನಾನು! ಮೊದಲು ನನ್ನ ನೋಡ್ರೀ!"

"ನಿಮ್ಮ ಬಾಯಿ ಕೇಳಿದ್ರೆ ಗೊತ್ತಾಗುತ್ತೆ, ನಿಮಗೇನೂ ಆಗಿಲ್ಲ ಅಂತ. ಪಾಪ, ಇದಕ್ಕೆ ಬಾಯಿಲ್ಲ ನೋಡಿ."

ಹಿಂದೆ ಸೈಕಲ್ ನಿಲ್ಲಿಸಿಕೊಂಡಿದ್ದ ಡೆನ್ಮಾರ್ಕಿನ ಪ್ರವಾಸಿಗರಿಗೆ ಮಾತು ಅರ್ಥವಾಗಲಿಲ್ಲ. ಆದರೂ ನಕ್ಕರು. ಅವರಿಗೆ ಊರು ಸುತ್ತಿಸಿ, ಹೋದಹೋದಲ್ಲಿ ಒಳ್ಳೆಯ ಊಟ ತಿನ್ನಿಸುವುದು ರೊಸೆರ್‌ಳ ಕೆಲಸ. ಅವರ ಮುಂದೆಯೇ ಮಾನ ಹೋಯಿತಲ್ಲ!

ಆಗ ಅವನು ತಿರುಗಿ ಕೈ ಚಾಚಿದ. ಬಿಸಿಲಿಗೆ ಸುಟ್ಟ, ಮಣ್ಣು ಮೆತ್ತಿದ, ಬೆಚ್ಚನೆಯ ಕೈ. ಅದನ್ನು ಹಿಡಿದು ಎದ್ದ ರೊಸೆರ್‌ಗೆ, ಎದ್ದ ಮೇಲೂ ಬಿಡಲು ಮನಸ್ಸಾಗಲಿಲ್ಲ...

'ಛೀ, ಏನಾಯ್ತು ನನಗೆ?'

"ಗಾಸ್ಪಾರ್" ಎಂದ ಅವನು. "ಎಲ್ ಪಾಲ್ಮಾರ್‌ನಲ್ಲಿ ಭತ್ತ ಬೆಳೀತೀನಿ. ಇದು ಮಾವ ಬತಿಸ್ತೆಯ ಬಾಣಲೆ. ತಳ ಉಬ್ಬಿತ್ತು, ತಟ್ಟಿಸಿ ತರ್ತಾ ಇದ್ದೆ. ಈಗ ಅಂಚಲ್ಲಿ ನಿಮ್ಮ ಗುರುತು ಬಿದ್ದಿದೆ ನೋಡಿ."

ನಿಜ. ಬಾಣಲೆಯ ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ಗುಳಿ ಬಿದ್ದಿತ್ತು.

ರೊಸೆರ್‌ಳ ಎದೆ ಧಸಕ್ಕೆಂದಿತು. ಗುಳಿ ಕಂಡಲ್ಲ, ಆ ಹೆಸರು ಕೇಳಿ. ಬತಿಸ್ತೆ!

ಬೆನಿಮಕ್ಲೆತ್‌ನ ನಮ್ಮ ಓಣಿಯಲ್ಲಿ ಬತಿಸ್ತೆ ಯಾರೆಂದು ಬೆಕ್ಕಿಗೂ ಗೊತ್ತು. ಮಾರ್ಚಿನ ಫಾಯಸ್ ಹಬ್ಬಕ್ಕೆ ಬೀದಿಯ ನಡುವೆ ಕಿತ್ತಳೆ ಸೌದೆಯ ಬೆಂಕಿ ಹಾಕಿ, ಇಡೀ ಓಣಿಗೆ ಪಾಯೆಯಾ ಬೇಯಿಸುತ್ತ ಬಂದ ಮುದುಕ. ಕೆಂಡ ಎಳೆಯುವ ಅವನ ಕಬ್ಬಿಣದ ಕೊಕ್ಕೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಈ ವರ್ಷ ಅವನ ಸೊಂಟ ಸೋತಿತ್ತು. ಕೊಕ್ಕೆ ಯಾರ ಕೈಗೆ ಹೋಗಬೇಕೆಂದು ಓಣಿಯ ಸಮಿತಿ ತೀರ್ಮಾನಿಸುವುದಿತ್ತು.

ಆ ಕೊಕ್ಕೆ ತನ್ನ ಕೈಗೆ ಬರಬೇಕು! ರೊಸೆರ್‌ಳ ಬದುಕಿನ ಆಸೆಯೇ ಅದು. ಚಿಕ್ಕಂದಿನಿಂದ ಆ ಬೆಂಕಿಯ ಪಕ್ಕ ನಿಂತು ಬೆಳೆದವಳು. ಆದರೆ ಓಣಿಯವರ ಬಾಯಲ್ಲಿ ಅವಳು 'ಸೈಕಲ್ ಹುಡುಗಿ.'

"ಪ್ರವಾಸಿಗರಿಗೆ ಅನ್ನ ತೋರಿಸೋದು ಬೇರೆ, ಬೇಯಿಸೋದು ಬೇರೆ ಕಣಮ್ಮ" ಎಂದು ಸಮಿತಿಯ ಮುಖ್ಯಸ್ಥೆ ಫೀನಾ ಎಷ್ಟೋ ಸಲ ಚುಚ್ಚಿದ್ದಳು. ಫೀನಾಳಿಗೆ ತನ್ನ ಅಳಿಯ ರೆಮೀಜಿ ಬೆಂಕಿ ಹಿಡಿಯಲಿ ಎಂಬ ಆಸೆ. ರೆಮೀಜಿಗೆ ಬೇಯಿಸುವುದಕ್ಕಿಂತ ತಿನ್ನುವುದರಲ್ಲಿ ಆಸಕ್ತಿ.

ಇದೆಲ್ಲ ಗಾಸ್ಪಾರ್‌ಗೂ ಗೊತ್ತಾಯಿತು. ಹೇಗೆ ಅಂತೀರಾ? ಅವಳೇ ಹೇಳಿದಳು! ಅವತ್ತು ಅವನು "ಬೀಳಿಸಿದ ತಪ್ಪಿಗೆ ಒಂದು ಲೋಟ ಒರ್ಚಾತಾ ಕುಡಿಸ್ತೀನಿ" ಎಂದು ಪ್ರವಾಸಿಗರ ಸಾಲಿನ ಕೊನೆಗೆ ಸೇರಿಕೊಂಡ. ಬಾಣಲೆ ಸಮೇತ. ಆಲ್ಬೊರಾಯಾದ ಗದ್ದೆಗಳ ನಡುವೆ ಸೈಕಲ್ ತುಳಿದು, ಪೂರಾ ಅಜ್ಜಿಯ ಅಂಗಡಿಯಲ್ಲಿ ಕೂತು, ತಣ್ಣನೆಯ ಬಿಳಿ ಒರ್ಚಾತಾ ಪಾನಕದಲ್ಲಿ ಉದ್ದನೆಯ ಸಿಹಿ ಬನ್ನು ಅದ್ದಿಕೊಂಡು ತಿನ್ನುವಾಗ ರೊಸೆರ್ ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿಬಿಟ್ಟಿದ್ದಳು.

ಅವನು ನಗಲಿಲ್ಲ. "ನಿನ್ನ ಅನ್ನ ಯಾವಾಗ ತಿನ್ನಿಸ್ತೀಯ?" ಎಂದಷ್ಟೇ ಕೇಳಿದ.

ಆಮೇಲೆ ಅವನಿಗೆ ಊರಿಗೆ ಬರಲು ದಿನಕ್ಕೊಂದು ನೆಪ. ಒಮ್ಮೆ ಹೋಟೆಲಿಗೆ ಅಕ್ಕಿ, ಇನ್ನೊಮ್ಮೆ ಸೈಕಲ್ಲಿಗೆ ಟೈರು. ಮಾರುಕಟ್ಟೆಯ ಹತ್ತಿರದ ಬಾರಿನಲ್ಲಿ ಹತ್ತು ಗಂಟೆಯ ತಿಂಡಿಗೆ ಇಬ್ಬರೂ ಒಂದೇ ಮೇಜಿಗೆ ಬಂದು ಬೀಳುತ್ತಿದ್ದರು. ಆಲಿವ್ ಕಾಯಿ, ಹುರಿದ ಕಡಲೆಕಾಯಿ, ಕುದುರೆ ಮಾಂಸ ತುರುಕಿದ ಮೊಳದುದ್ದದ ಬ್ರೆಡ್ಡು... ಅವನು ತನ್ನ ಬ್ರೆಡ್ಡಿನ ಗರಿಗರಿ ತುದಿಯನ್ನು ಮುರಿದು ಏನೂ ಹೇಳದೆ ಅವಳ ತಟ್ಟೆಗೆ ಇಡುತ್ತಿದ್ದ. ಅವಳೂ ಏನೂ ಹೇಳದೆ ತಿನ್ನುತ್ತಿದ್ದಳು.

'ತುದಿ ಇಷ್ಟ ಅಂತ ಇವನಿಗೆ ಯಾರು ಹೇಳಿದ್ರು?'

ಯಾರೂ ಹೇಳಿರಲಿಲ್ಲ. ಅವನು ನೋಡಿದ್ದ, ಅಷ್ಟೆ.

---

ಕೊಕ್ಕೆಗಾಗಿ ಸಮಿತಿಯವರಿಗೆ ಬೇಯಿಸಿ ತೋರಿಸಬೇಕಾದ ಪರೀಕ್ಷೆಯ ಭಾನುವಾರ ಬಂತು. ಸಮಿತಿಯ ಮನೆಯ ಹಿತ್ತಲಲ್ಲಿ ರೊಸೆರ್ ಬೆಂಕಿ ಹಾಕಿದಳು. ಬತಿಸ್ತೆಯದೇ ಬಾಣಲೆ, ಗುಳಿ ಬಿದ್ದದ್ದು. ಬತಿಸ್ತೆ ಕೊಕ್ಕೆಯನ್ನು ಅವಳ ಕೈಗಿಟ್ಟು, "ಹೆದರಬೇಡ ಮಗಳೇ. ಬೆಂಕಿಗೆ ನಾಚಿಕೆ ಸ್ವಭಾವ, ನೀನೇ ಮಾತಾಡಿಸಬೇಕು" ಎಂದು ಕುರ್ಚಿಯಲ್ಲಿ ಕುಳಿತ.

ಮೊಲದ ಮಾಂಸ, ಕೋಳಿ, ಅವರೆಯಂಥ ದೊಡ್ಡ ಬಿಳಿ ಕಾಳು, ಚಪ್ಪಟೆ ಹುರುಳಿಕಾಯಿ, ಬಸವನಹುಳು, ಕೇಸರಿ, ಕೊನೆಗೊಂದು ಎಸಳು ರೋಸ್ಮರಿ. ಅಕ್ಕಿ ಗಾಸ್ಪಾರನ ಗದ್ದೆಯದು. ಅಕ್ಕಿ ಹಾಕಿದ ಮೇಲೆ ಸೌಟು ಆಡಿಸುವಂತಿಲ್ಲ. ಕಿವಿಗೊಟ್ಟು ಕೇಳಬೇಕು, ಅಷ್ಟೆ. ತಳ ಚಟಚಟ ಅಂದಾಗ ಕೆಂಡ ಎಳೆಯಬೇಕು. ರೊಸೆರ್ ಉಸಿರು ಬಿಗಿಹಿಡಿದು ಎಳೆದಳು.

ನಮ್ಮಲ್ಲಿ ಪಾಯೆಯಾವನ್ನು ತಟ್ಟೆಗೆ ಬಡಿಸಿಕೊಂಡು ತಿನ್ನುವುದು ಪರಕೀಯರು. ಮನೆಯವರು ಬಾಣಲೆಯ ಸುತ್ತ ಕೂತು, ಮರದ ಚಮಚ ಹಿಡಿದು, ತಮ್ಮ ತಮ್ಮ ಮುಂದಿನ ಪಾಲನ್ನು ಅಂಚಿನಿಂದ ಮಧ್ಯಕ್ಕೆ ತಿನ್ನುತ್ತ ಹೋಗುತ್ತಾರೆ. ಪಕ್ಕದವರ ಪಾಲಿಗೆ ಕೈ ಹಾಕಿದರೆ ಜಗಳ. ತನ್ನ ಪಾಲನ್ನು ಮುಟ್ಟದೆ ಎದ್ದು ಹೋದರೆ? ಅದಕ್ಕಿಂತ ದೊಡ್ಡ ಅವಮಾನ ಬೇಯಿಸಿದವರಿಗೆ ಇನ್ನೊಂದಿಲ್ಲ.

ಜನಕ್ಕೆ ತಕ್ಕಷ್ಟೇ ಪಾಲು, ಜನಕ್ಕೆ ತಕ್ಕಷ್ಟೇ ಕುರ್ಚಿ. ಗುಳಿಯ ಮುಂದೆ ಗಾಸ್ಪಾರನೂ ಸೇರಿ ಎಲ್ಲ ಕೂರುವಷ್ಟರಲ್ಲಿ ರೆಮೀಜಿ ವಾಸನೆ ಹಿಡಿದುಕೊಂಡು ಬಂದ.

"ಅಯ್ಯೋ, ನನಗೆ ಜಾಗ ಇಲ್ವಾ?"

"ಬನ್ನಿ, ಇಲ್ಲಿ ಕೂತ್ಕೊಳ್ಳಿ" ಎಂದು ರೊಸೆರ್ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ಕೈಯಲ್ಲಿದ್ದ ಚಮಚವನ್ನೂ. ಯಾರೂ ಗಮನಿಸಿದಂತೆ ಕಾಣಲಿಲ್ಲ. ಅವಳು ನೀರು ತರಲು ಒಳಗೆ ಹೋದಳು.

ವಾಪಸ್ಸು ಬಂದು ನೋಡುತ್ತಾಳೆ... ಎಲ್ಲರ ಚಮಚವೂ ಓಡುತ್ತಿದೆ. ಗುಳಿಯ ಮುಂದಿನ ಕುರ್ಚಿ ಮಾತ್ರ ಖಾಲಿ!

ಗಾಸ್ಪಾರನ ಕುರ್ಚಿ. ಅವನ ಪಾಲು ಇಟ್ಟದ್ದು ಇಟ್ಟಂತೆಯೇ ಇತ್ತು. ಒಂದಗುಳೂ ಕದಲಿರಲಿಲ್ಲ. ಪಕ್ಕದಲ್ಲಿ ಒಣ ಚಮಚ.

"ನೋಡಿದ್ರಾ?" ಬಾಯಿ ತುಂಬಿಕೊಂಡೇ ರೆಮೀಜಿ ಕಿಸಕ್ಕೆಂದ. "ಭತ್ತ ಬೆಳೆಯೋನೇ ಎದ್ದು ಹೋದ. ಚಮಚ ಒದ್ದೆ ಕೂಡ ಮಾಡಿಲ್ಲ!"

ಫೀನಾ ಹುಬ್ಬು ಏರಿಸಿದಳು. "ಬತಿಸ್ತೆಯ ಸೋದರಳಿಯ... ಅವನಿಗೆ ಅನ್ನ ಗೊತ್ತಪ್ಪ."

ಬೇರೆ ಯಾರು ಎದ್ದು ಹೋಗಿದ್ದರೂ ರೊಸೆರ್ ತಡೆದುಕೊಳ್ಳುತ್ತಿದ್ದಳು. ಇವನು? ದಿನವೂ ಬ್ರೆಡ್ಡಿನ ತುದಿ ಮುರಿದುಕೊಟ್ಟವನು?

'ನನಗೆ ಬರಲ್ಲ ಅಂತ ಮುಖದ ಮೇಲೆ ಹೇಳಬಹುದಿತ್ತಲ್ಲ ಗಾಸ್ಪಾರ್... ಹೀಗೆ, ಇವರೆಲ್ಲರ ಎದುರಿಗೆ...'

ಕೊಕ್ಕೆಯನ್ನು ಗೋಡೆಗೆ ಒರಗಿಸಿ ಅವಳು ಹಿಂದಿನ ಬಾಗಿಲಿಂದ ಹೊರಬಿದ್ದು ಸೈಕಲ್ ಹತ್ತಿದಳು. ಫೋನಿನಲ್ಲಿ ಅವನ ನಂಬರನ್ನು ತಡೆದಳು. ಮಲ್ವರೋಸಾ ಕಡಲ ದಂಡೆಯಲ್ಲಿ ಕತ್ತಲಾಗುವ ತನಕ ಕೂತು, ಕಣ್ಣೀರು ಖಾಲಿಯಾಗುವ ತನಕ ಅತ್ತಳು.

ಮಾರನೆಯ ಬೆಳಿಗ್ಗೆ ಸುದ್ದಿ ಬಂತು. ಹಬ್ಬದ ಬೆಂಕಿ ರೆಮೀಜಿಗೆ!

---

ದುಃಖ ಇದೆಯೆಂದು ಪ್ರವಾಸಿಗರು ಬಿಡುತ್ತಾರೆಯೇ? ಅವತ್ತೂ ಸೈಕಲ್ಲುಗಳ ಸಾಲು ಹೊರಟಿತು. ಮುಂದೆ ರೊಸೆರ್, ಊದಿದ ಕಣ್ಣಿಗೆ ಕಪ್ಪು ಕನ್ನಡಕ.

ಮಾರುಕಟ್ಟೆಯ ಬಾರಿನವನು ಆಲಿವ್ ಬಟ್ಟಲು ಇಡುತ್ತ ಕೇಳಿದ, "ನಿನ್ನೆ ಸಿಕ್ಕಿದ್ನಾ ನಿನ್ನ ಬಾಣಲೆ ಸರದಾರ?"

"ಯಾರು?"

"ಅದೇ, ಗಾಸ್ಪಾರ್. ದೊಡ್ಡ ಬಾಣಲೆ ಸೈಕಲ್ ಮುಂದೆ ಅಡ್ಡಡ್ಡ ಇಟ್ಕೊಂಡು, ಮೇಲೆ ಬಟ್ಟೆ ಮುಚ್ಕೊಂಡು ಬಂದಿದ್ದ. 'ರೊಸೆರ್ ಎಲ್ಲಿ, ರೊಸೆರ್ ಎಲ್ಲಿ' ಅಂತ ಒಂದೇ ಸಮ."

'ಬಾಣಲೆ ತೋರಿಸಿ ಇನ್ನಷ್ಟು ಅಣಕಿಸೋಕೆ ಇರಬೇಕು!' ರೊಸೆರ್ ಹಲ್ಲು ಕಚ್ಚಿದಳು.

ರುಸಾಫಾದಲ್ಲಿ ಕುಂಬಳಕಾಯಿಯ ಸಿಹಿ ಬೋಂಡಾ, ಬುನ್ಯೋಲ್ ಕರಿಯುವವಳು ಜಾಲರಿ ಎತ್ತಿ ಕೂಗಿದಳು, "ಏನೇ, ಆ ಹುಡುಗನ್ನ ಊರೆಲ್ಲಾ ಅಲೆಸ್ತೀಯಲ್ಲ! ಬೆವರು ಕಿತ್ಕೊಂಡು ಬಂದಿದ್ದ. ಬುನ್ಯೋಲ್ ತಿನ್ನೋ ಅಂದ್ರೆ, ಅವಳು ಇನ್ನೂ ಊಟ ಮಾಡಿಲ್ಲ ಅಂದ. ಏನಪ್ಪಾ ಇದು ಪ್ರೇಮ ಅಂತ ನಾನು..."

ರೊಸೆರ್‌ಳ ಕೈಯಲ್ಲಿದ್ದ ಚಾಕೊಲೇಟ್ ಲೋಟ ಅಲ್ಲೇ ನಿಂತಿತು. ಊಟ ಮಾಡಿಲ್ಲ ಎಂದು ಅವನಿಗೆ ಹೇಗೆ ಗೊತ್ತು?

ಆಲ್ಬೊರಾಯಾ ತಲುಪುವ ತನಕ ಪೆಡಲ್ ಹೇಗೆ ತುಳಿದಳೋ ಅವಳಿಗೇ ಗೊತ್ತಿಲ್ಲ. ಪ್ರವಾಸಿಗರು ಏದುಸಿರು ಬಿಡುತ್ತ ಹಿಂದೆ ಬಂದರು.

"ಪೂರಾ ಅಜ್ಜಿ! ಗಾಸ್ಪಾರ್ ಇಲ್ಲಿಗೂ ಬಂದಿದ್ನಾ?"

"ಬರದೇ ಏನು? ಬಟ್ಟೆ ಸರಿಸಿ ನೋಡಿದ್ರೆ ಒಂದೇ ಒಂದು ಪಾಲು ಅನ್ನ! ಗುಳಿ ಇರೋ ಕಡೆ. ಘಮ್ ಅಂತಿತ್ತು ಕಣೇ. ಒಂದು ಚಮಚ ಕೊಡೋ ಅಂದೆ, ಕೈಗೆ ಪಟ್ ಅಂತ ಹೊಡೆದ, ಹಾಳಾದೋನು!"

"ಯಾಕೆ...?"

"'ಬೇಯಿಸಿದೋಳು ತನ್ನ ಪಾಲನ್ನ ಬೇರೆಯವರಿಗೆ ಕೊಟ್ಟು ನಿಂತಿದ್ಲು ಅಜ್ಜಿ. ಯಾರೂ ನೋಡಲಿಲ್ಲ. ನನ್ನ ಪಾಲು ಅವಳಿಗೆ ಇಟ್ಟು, ಕೂರೋಕೆ ಕುರ್ಚಿ ತರೋಣ ಅಂತ ಎದ್ದೆ. ತರೋದ್ರಲ್ಲಿ ಹೊರಟೇ ಹೋದ್ಲು' ಅಂದ. ಕಣ್ಣಲ್ಲಿ ನೀರು ತುಂಬಿತ್ತು ನೋಡು ಪಾಪ."

ರೊಸೆರ್ ಕನ್ನಡಕ ತೆಗೆದಳು.

ಕುರ್ಚಿ ತರಲು ಎದ್ದಿದ್ದ! ಅವನ ಖಾಲಿ ಕುರ್ಚಿ ಕಂಡು ಅವಮಾನ ಎಂದುಕೊಂಡಳಲ್ಲ... ತನಗಾಗಿ ಹಸಿದು ಎದ್ದವನನ್ನು ದೂರಿದಳಲ್ಲ!

"ಅಜ್ಜಿ, ಇವರನ್ನ ಸ್ವಲ್ಪ..."

"ಹೋಗೇ, ಹೋಗು! ಇನ್ನೊಂದೊಂದು ಲೋಟ ಕೊಟ್ರೆ ನೀನು ಯಾರು ಅಂತಲೇ ಮರೀತಾರೆ ಇವರು."

---

ಆಲ್ಬೊರಾಯಾ ಊರಿನ ಬಡಗಣ ತುದಿ. ಎಲ್ ಪಾಲ್ಮಾರ್ ತೆಂಕಣಕ್ಕೆ, ಸರೋವರದ ಆಚೆ. ಎದುರುಗಾಳಿ ಬೇರೆ. ರೊಸೆರ್ ಎಲ್ಲಿಯೂ ನಿಲ್ಲಲಿಲ್ಲ.

ಉತ್ತು ಬಿಟ್ಟ ಗದ್ದೆಯ ಬದುವಿನ ಮೇಲೆ ಗಾಸ್ಪಾರ್ ಗುದ್ದಲಿ ಹಿಡಿದು ನಿಂತಿದ್ದ. ಅವಳನ್ನು ಕಂಡರೂ ಹತ್ತಿರ ಬರಲಿಲ್ಲ.

"ಫೋನಲ್ಲಿ ಬಾಗಿಲು ಹಾಕ್ಕೊಂಡೋಳು ಇಲ್ಲಿ ತನಕ ಯಾಕೆ ಬಂದೆ?"

"ಆ ಅನ್ನ... ಏನ್ ಮಾಡಿದೆ?"

"ಊರು ತೋರಿಸಿದೆ ಅದಕ್ಕೆ. ನೀನು ಎಲ್ಲೂ ಸಿಗಲಿಲ್ಲ. ಕೊನೆಗೆ ನಾನೇ ತಿಂದೆ, ಪೂರ್ತಿ ತಣ್ಣಗಾದ ಮೇಲೆ."

"ಹೇಗಿತ್ತು?"

ಗಾಸ್ಪಾರ್ ಗುದ್ದಲಿ ಊರಿ ಅವಳತ್ತ ನೋಡಿದ. "ತಣ್ಣಗಿದ್ರೂ ತಳ ಇನ್ನೂ ಗರಿಗರಿ ಇತ್ತು ರೊಸೆರ್. ಮಾವನ ಅನ್ನದ ಹಾಗೆ ಇರಲಿಲ್ಲ. ಅದಕ್ಕಿಂತ ಚೆನ್ನಾಗಿತ್ತು. ತಿಂತಾ ತಿಂತಾ ಸಿಟ್ಟು ಬಂತು ನಿನ್ನ ಮೇಲೆ. ಇಷ್ಟು ಗೊತ್ತಿರೋಳು ಒಂದು ಖಾಲಿ ಕುರ್ಚಿಗೆ ಹೆದರಿ ಓಡಿಹೋಗೋದಾ ಅಂತ."

"ತಪ್ಪಾಯ್ತು... ಕೇಳಬೇಕಿತ್ತು ನಾನು. ನಿನ್ನನ್ನ ಕೇಳಬೇಕಿತ್ತು."

"ನಾನು ಸಮಿತಿಗೆ ಹೇಳಿದೆ. ನಕ್ಕುಬಿಟ್ರು. ಪ್ರೀತಿಸೋನ ಸಾಕ್ಷಿ ನಡೆಯಲ್ಲ ಕಣಪ್ಪ ಅಂದ್ಲು ಫೀನಾ."

"ನೀನೇನಂದೆ?"

"ಪ್ರೀತಿಸ್ತೀನಿ, ಅದು ನನ್ನ ವಿಷಯ. ಅನ್ನ ಚೆನ್ನಾಗಿದೆ, ಅದು ನಿಮ್ಮ ವಿಷಯ ಅಂದೆ."

ಗಾಳಿ ನಿಂತಂತಾಯಿತು! ರೊಸೆರ್ ಬಾಯಿ ತೆರೆದಳು. ಗಾಸ್ಪಾರ್ ಕೈ ಎತ್ತಿ ತಡೆದ.

"ಈಗಲೇ ಉತ್ತರ ಬೇಡ. ಮೊದಲು ನಿನ್ನ ಬೆಂಕಿ ಇಸ್ಕೋ. ಸೋತ ಬೇಜಾರಿಗೆ ನನಗೆ ಹೂಂ ಅಂದೆ ಅಂತ ಆಗಬಾರದು."

---

ಮಾರನೆಯ ದಿನ ಸಮಿತಿಯ ಮನೆಯಲ್ಲಿ ಸದಸ್ಯರು ಹತ್ತು ಗಂಟೆಯ ತಿಂಡಿಗೆ ಕೂತಿದ್ದಾಗ ರೊಸೆರ್ ಸೈಕಲ್ ಸಮೇತ ಒಳಗೆ ಬಂದಳು. ಎಲ್ಲರ ಬಾಯಲ್ಲೂ ಬ್ರೆಡ್ಡು.

"ಭಾನುವಾರ ನಾನು ಓಡಿಹೋದೆ. ಅದು ನನ್ನ ತಪ್ಪು. ಇವತ್ತು ಕೇಳೋಕೆ ಬಂದಿದ್ದೀನಿ. ಅವತ್ತು ಅನ್ನ ಚೆನ್ನಾಗಿರಲಿಲ್ಲ ಅಂತ ಯಾರು ಹೇಳ್ತೀರಿ? ಅವನ ಚಮಚ ಬೇಡ, ನಿಮ್ಮ ನಿಮ್ಮ ನಾಲಿಗೆ ಹೇಳಲಿ. ಎದ್ದು ನಿಂತು ಹೇಳಿ!"

ಯಾರೂ ಏಳಲಿಲ್ಲ.

ಮೂಲೆಯಲ್ಲಿ ಬತಿಸ್ತೆ ಗಂಟಲು ಸರಿಮಾಡಿಕೊಂಡ. "ನಾನೊಂದು ಕೇಳಲಾ ಫೀನಾ? ಇಷ್ಟು ವರ್ಷ ನಿಮಗೆಲ್ಲ ಬೇಯಿಸಿ ಹಾಕಿದೆ. ನಾನು ತಿಂದಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ದೀಯಾ?"

ಫೀನಾ ಕೈಯಲ್ಲಿದ್ದ ಬ್ರೆಡ್ಡನ್ನು ತಿರುಗಿಸಿ ನೋಡಿದಳು.

"ನನ್ನ ಹೆಂಡತಿ ಮನೇಲಿ ಮೊಟ್ಟೆ ಹುರಿದು ಇಟ್ಟಿರೋಳು. ಬೇಯಿಸಿದೋನ ಪಾಲು ಎಲ್ಲಿ ಅಂತ ಈ ಓಣೀಲಿ ನೋಡಿದ ಮೊದಲನೇ ಕಣ್ಣು ನನ್ನ ಸೋದರಳಿಯಂದು. ಅದನ್ನ ನೀವು ಅನ್ನದ ದೋಷ ಮಾಡಿದ್ರಿ. ಅವಳ ಪಾಲು ತಿಂದೋರು ಯಾರು, ಅದನ್ನಾದ್ರೂ ಹೇಳಿ?"

ಎಲ್ಲರೂ ರೆಮೀಜಿಯತ್ತ ತಿರುಗಿದರು. ರೆಮೀಜಿ ಅಗಿಯುವುದನ್ನು ನಿಲ್ಲಿಸಿದ. ಕಿವಿ ಮೆಣಸಿನಕಾಯಿಯಂತೆ ಕೆಂಪಾಯಿತು.

"ಚೆನ್ನಾಗಿತ್ತು ಅತ್ತೆ" ಎಂದ ಸಣ್ಣಗೆ. "ಅದಕ್ಕೇ ತಿಂದೆ."

ಫೀನಾ ತನ್ನ ಅಳಿಯನನ್ನು, ಆಮೇಲೆ ರೊಸೆರ್‌ಳನ್ನು ನೋಡಿದಳು. ಬ್ರೆಡ್ಡು ಕೆಳಗಿಟ್ಟಳು. ಗೋಡೆಗೆ ಒರಗಿದ್ದ ಕೊಕ್ಕೆಯನ್ನು ತಾನೇ ಎತ್ತಿ ತಂದಳು.

"ತಗೋ ಸೈಕಲ್ ಹುಡುಗಿ. ಸೀಯಿಸಿದ್ರೆ ಮಾತ್ರ ಬಿಡಲ್ಲ ನೋಡು."

---

ಹಬ್ಬದ ದಿನ! ಬೀದಿಯ ತುಂಬ ಪಟಾಕಿ, ವಾಲಗ, ರೇಷ್ಮೆ ಲಂಗಗಳು. ಹೊಸ ದೊಡ್ಡ ಬಾಣಲೆ ಬೇಡ, ಬತಿಸ್ತೆಯದೇ ಬೇಕು ಎಂದು ರೊಸೆರ್ ಹಟ ಹಿಡಿದಿದ್ದಳು. ಇಡೀ ಓಣಿಗೆ ಅದೊಂದೇ ಸಾಲದೆ ಇನ್ನೂ ಹಲವು ಬಾಣಲೆಗಳು ಸಾಲಾಗಿ ನಿಂತವು. ಎಲ್ಲಕ್ಕೂ ಕೊಕ್ಕೆ ಒಂದೇ, ಅವಳದು. ಸೌದೆ ಹೊರುವ ಕೆಲಸ ರೆಮೀಜಿಗೆ.

ಅಕ್ಕಿ ಬಿದ್ದ ಗಳಿಗೆಯಲ್ಲೇ ಪಡುವಣ ಗಾಳಿ ಎದ್ದಿತು!

ಬೆಂಕಿ ಒಂದು ಕಡೆಗೆ ವಾಲಿತು. ಅರ್ಧ ಅನ್ನ ಉರಿಯಲ್ಲಿ, ಅರ್ಧ ತಣ್ಣಗೆ. ಜನ ಹೋ ಎಂದರು. "ಹೋಯ್ತು, ಹೋಯ್ತು!" ಫೀನಾ ಎದೆ ಹಿಡಿದುಕೊಂಡಳು.

ರೊಸೆರ್ ಕೊಕ್ಕೆ ಎತ್ತಿ ಹಿಡಿದಳು. ಮರುಕ್ಷಣ ಅವಳ ಗಂಟಲು ವಾಲಗವನ್ನೂ ಮೀರಿಸಿತು.

"ಸೈಕಲ್ ತನ್ನಿ! ಓಣೀಲಿರೋ ಸೈಕಲ್ಲೆಲ್ಲ ತನ್ನಿ! ಮೇಲೆ ಕಂಬಳಿ ಹೊದಿಸಿ!"

ಗಾಸ್ಪಾರ್ ಮೊದಲು ಓಡಿದ. ಹಿಂದೆ ಇಡೀ ಓಣಿ ಓಡಿತು. ಹೊಸದು, ತುಕ್ಕು ಹಿಡಿದದ್ದು, ಬುಟ್ಟಿ ಇದ್ದದ್ದು, ಎಲ್ಲ ಸೈಕಲ್ಲುಗಳೂ ಗಾಳಿಗೆ ಅಡ್ಡಲಾಗಿ ಗೋಡೆಯಂತೆ ನಿಂತವು. ಕಂಬಳಿ ಹೊದ್ದುಕೊಂಡವು. ಒಂದೊಂದನ್ನೂ ಒಬ್ಬೊಬ್ಬರು ಹಿಡಿದು ನಿಂತರು. ಫೀನಾಳ ಕೈಯಲ್ಲೂ ಒಂದು!

ಬೆಂಕಿ ನೆಟ್ಟಗಾಯಿತು. ರೊಸೆರ್ ಮೊಣಕಾಲೂರಿ ಬಾಣಲೆಯಿಂದ ಬಾಣಲೆಗೆ ಕಿವಿಗೊಟ್ಟಳು. ಚಟಚಟ... ಚಟಚಟ... ಎಳೆದಳು!

ಆಮೇಲೆ ಬೀದಿಯಲ್ಲಿ ಕೇಳಿದ್ದು ಒಂದೇ ಸದ್ದು. ಮರದ ಚಮಚಗಳು ತಳ ಕೆರೆಯುವ ಸದ್ದು. ಬತಿಸ್ತೆ ತಳ ಹಿಡಿದ ಗರಿಗರಿ ಅನ್ನವನ್ನು ಕೆರೆದು ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಆ ಕೊಕ್ಕೆ ಇನ್ನು ನಮ್ಮನೆಗೆ ವಾಪಸ್ ತರಬೇಡ ಮಗಳೇ" ಎಂದ ಕೊನೆಗೆ. "ನಿನ್ನ ಮನೇಲೇ ಇರಲಿ."

ಇಡೀ ಓಣಿ ಅವಳ ಹೆಸರು ಕೂಗಿತು. ರೊಸೆರ್! ರೊಸೆರ್! ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಮಸಿ ಬಳಿದ ಮುಖದಲ್ಲಿ ಯಾರಿಗೂ ತಿಳಿಯಲಿಲ್ಲ.

"ಬಾ ಇಲ್ಲಿ!" ಫೀನಾ ಗದರಿದಳು. ಬತಿಸ್ತೆಯ ಬಾಣಲೆಯ ಪಕ್ಕ ಕೊಡೆ ಹಿಡಿದು ಕಾವಲು ನಿಂತಿದ್ದಳು ಆಕೆ. ಬಾಣಲೆಯೆಲ್ಲ ಖಾಲಿ. ಗುಳಿಯ ಮುಂದೆ ಮಾತ್ರ ಅಗಲವಾದ ಒಂದು ಪಾಲು, ಮುಟ್ಟದೆ ಉಳಿದಿತ್ತು. "ರೆಮೀಜಿ ಎರಡು ಸಲ ಬಂದಿದ್ದ, ಓಡಿಸಿದ್ದೀನಿ. ಕೂತ್ಕೋ. ತಿನ್ನು."

ಅಲ್ಲಿ ಕುರ್ಚಿಯೂ ಇತ್ತು. ಎರಡು.

ರೊಸೆರ್ ಸುತ್ತ ನೋಡಿದಳು. "ಗಾಸ್ಪಾರ್! ಚಮಚ ತಗೊಂಡು ಬಾ."

ಅವನು ಬಂದು ಪಕ್ಕದಲ್ಲಿ ಕೂತ. ಆ ಪಾಲಿನ ನಡುವೆ ಚಮಚದಿಂದ ಗೆರೆ ಎಳೆದು, ತನ್ನ ಕಡೆಯಿಂದ ತಿನ್ನತೊಡಗಿದ. ಅವಳು ತನ್ನ ಕಡೆಯಿಂದ. ಇಬ್ಬರ ನಡುವೆ ಅನ್ನದ ಬದು ತೆಳ್ಳಗಾಗುತ್ತ ಬಂತು. ಅವನು ತಳದ ಗರಿಗರಿ ತುಂಡೊಂದನ್ನು ಬಿಡಿಸಿ, ಬದುವಿನ ತನಕ ತಳ್ಳಿ, ಅಲ್ಲೇ ನಿಲ್ಲಿಸಿದ.

"ಯಾಕೆ ನಿಲ್ಲಿಸ್ದೆ?"

"ಪಕ್ಕದವರ ಪಾಲಿಗೆ ಕೈ ಹಾಕೋ ಹಾಗಿಲ್ಲ. ನಮ್ಮ ಊರಿನ ರೀತಿ."

"ಅವತ್ತು ಬದು ಮೇಲೆ ನನ್ನ ಬಾಯಿ ಮುಚ್ಚಿಸಿದ್ಯಲ್ಲ, ನೆನಪಿದ್ಯಾ?"

"ನೆನಪಿದೆ. ಬೆಂಕಿ ಸಿಕ್ತು ಈಗ." ಗಾಸ್ಪಾರನ ಧ್ವನಿ ಸಣ್ಣದಾಯಿತು. "ಉತ್ತರ ಹೇಳ್ತೀಯಾ?"

ರೊಸೆರ್ ತನ್ನ ಚಮಚದಿಂದ ಆ ತೆಳು ಬದುವನ್ನು ಒಂದೇ ಏಟಿಗೆ ಒಡೆದು, ಎರಡೂ ಕಡೆಯ ಅನ್ನವನ್ನು ಒಟ್ಟಿಗೆ ಕೂಡಿಸಿದಳು.

ಸುತ್ತ ನಿಂತವರು ಹೋ ಎಂದು ಕೂಗಿದರು. ಫೀನಾ ಕೊಡೆ ಬಿಚ್ಚಿ ಅವರಿಬ್ಬರಿಗೂ ಮರೆ ಮಾಡಿದಳು.

"ಈಗ ಇದು ಯಾರ ಪಾಲು ರೊಸೆರ್?" ಎಂದ ಗಾಸ್ಪಾರ್.

"ನಮ್ಮದು ಕಣೋ. ತಿನ್ನು, ಈ ಸಲ ಬಿಸಿ ಇರುವಾಗಲೇ."